ಶಿರಾದ ತೋಟ, ಡ್ರೆಸ್ಡನ್ನಿನ ಹೂವು

ಮಗಳ ಬಾಣಂತನಕ್ಕೆಂದು ಹೋದವಳು ಊರು ನೋಡಿಕೊಂಡು ಬಂದೆ ಎಂದರೆ ನಮ್ಮ ಕೊಳಾಲದಲ್ಲಿ ಈಗಲೂ ನಗುತ್ತಾರೆ. ಸಾಂಬ್ರಾಣಿ ಹೊಗೆ, ಒಣಶುಂಠಿ, ಮೆಣಸಿನ ಸಾರು, ಕೂಸಿನ ಎಣ್ಣೆ ನೀರು, ಇಷ್ಟರ ಆಚೆಗೆ ಬಾಣಂತನ ಮಾಡುವ ತಾಯಿಗೆ ಬೇರೆ ಲೋಕವಿರುವುದಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಜರ್ಮನಿಯ ಡ್ರೆಸ್ಡನ್ ನಗರಕ್ಕೆ ಹೊರಟಾಗ ನಾನು ಪೆಟ್ಟಿಗೆಯ ತುಂಬ ಕಟ್ಟಿಕೊಂಡದ್ದೂ ಇವನ್ನೇ. ಹೋಗಿ ನೋಡಿದರೆ ಅಲ್ಲಿ ಸಾಂಬ್ರಾಣಿ ಹಾಕುವಂತಿಲ್ಲ, ಹೊಗೆ ಕಂಡರೆ ಚಾವಣಿಗೆ ಅಂಟಿಸಿದ ಯಂತ್ರ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿಕೊಳ್ಳುತ್ತದೆ. ಹೆರಿಗೆಯಾದ ಮೇಲೆ ಮನೆಗೇ ಬಂದು ನೋಡಿಕೊಂಡು ಹೋಗುವ ಅಲ್ಲಿನ ಸೂಲಗಿತ್ತಿ, ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸಬೇಡಿ, ಗಾಳಿಗೆ ಕರೆದುಕೊಂಡು ಹೋಗಿ ಎಂದು ನನಗೇ ಬುದ್ಧಿ ಹೇಳಿದಳು. ಕೂಸನ್ನು ಬೆಚ್ಚಗೆ ಸುತ್ತಿ, ತಳ್ಳುವ ಗಾಡಿಯಲ್ಲಿ ಮಲಗಿಸಿ, ಕೊರೆಯುವ ಚಳಿಯಲ್ಲಿ ಹೊರಡುವುದನ್ನು ಕಂಡಾಗ ನನ್ನ ಎದೆ ಹೊಡೆದುಕೊಂಡಿತು. ನಾಲ್ಕು ದಿನ ಬೈದೆ. ಐದನೆಯ ದಿನ ನಾನೂ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಸೀರೆಯ ಕೆಳಗೆ ಅಳಿಯಂದಿರ ಉಣ್ಣೆಯ ಕಾಲುಚೀಲ ಏರಿಸಿಕೊಂಡು ಹಿಂದೆ ಹೊರಟೆ.

ನನ್ನ ಮಾರ್ಗದರ್ಶಕಿ ಏಳು ವರ್ಷದ ಮೊದಲ ಮೊಮ್ಮಗಳು. ತಮ್ಮನನ್ನು ಕೊಕ್ಕರೆ ತಂದುಕೊಟ್ಟಿತು ಎಂದು ಅವಳು ನನಗೆ ಗಂಭೀರವಾಗಿ ತಿಳಿಸಿದ್ದಳು. ಕೂಸುಗಳನ್ನು ಕೊಕ್ಕರೆ ಕೊಕ್ಕಿನಲ್ಲಿ ಕಚ್ಚಿಕೊಂಡು ತರುತ್ತದೆ ಎಂಬುದು ಜರ್ಮನಿಯ ಹಳೆಯ ನಂಬಿಕೆ. ಕೂಸು ಹುಟ್ಟಿದ ಮನೆಯ ಮುಂದೆ ಮರದ ಕೊಕ್ಕರೆಯೊಂದನ್ನು ನಿಲ್ಲಿಸುವ ಪದ್ಧತಿಯೂ ಇದೆ. ನಮ್ಮ ಕೆಳಗಿನ ಮನೆಯ ಮುದುಕಿ ಯಾರಿಂದಲೋ ಎರವಲು ತಂದು ಅಂಥದೊಂದನ್ನು ಬಾಗಿಲ ಬಳಿ ನಿಲ್ಲಿಸಿದ್ದಳು.

ಡಿಸೆಂಬರಿನಲ್ಲಿ ಡ್ರೆಸ್ಡನ್ ನೋಡುವುದೆಂದರೆ ಮೊದಲು ಸ್ಟ್ರೀಟ್ಸೆಲ್ ಮಾರ್ಕ್ಟ್. ಹಳೆಯ ಪೇಟೆಯ ಚೌಕದಲ್ಲಿ ಕ್ರಿಸ್ಮಸ್ಸಿಗೆ ಮೊದಲ ನಾಲ್ಕು ವಾರ ನಡೆಯುವ ಸಂತೆ ಅದು. 1434ರಲ್ಲಿ ಶುರುವಾಯಿತಂತೆ. ಆಗ ನಮ್ಮ ವಿಜಯನಗರದಲ್ಲಿ ಎರಡನೆಯ ದೇವರಾಯನ ಕಾಲ. ಮರದ ಗೊಂಬೆಗಳು, ಬಾಯಲ್ಲಿ ಹೊಗೆ ಬಿಡುವ ಬೊಂಬೆ ಮುದುಕರು, ಒಣಗಿಸಿದ ಪ್ಲಮ್ ಹಣ್ಣುಗಳನ್ನು ಕಡ್ಡಿಗೆ ಸಿಕ್ಕಿಸಿ ಮಾಡಿದ ಕಪ್ಪು ಮನುಷ್ಯರು, ದೀಪ, ಮಸಾಲೆಯ ವಾಸನೆ. ತೇರು ಒಂದಿಲ್ಲ ಎಂಬುದನ್ನು ಬಿಟ್ಟರೆ ನಮ್ಮ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯೇ. ಅಲ್ಲಿನ ಮುಖ್ಯ ತಿಂಡಿ ಸ್ಟೋಲೆನ್. ಸ್ಟ್ರೀಟ್ಸೆಲ್ ಎಂದರೂ ಅದೇ. ಬೆಣ್ಣೆ, ಒಣಹಣ್ಣು ತುಂಬಿದ ಉದ್ದನೆಯ ರೊಟ್ಟಿ, ಮೇಲೆ ದಟ್ಟವಾಗಿ ಸಕ್ಕರೆ ಪುಡಿ. ಬಟ್ಟೆ ಸುತ್ತಿದ ಎಳೆಗೂಸಿನ ಆಕಾರ ಅದಕ್ಕೆ ಎನ್ನುತ್ತಾರೆ. ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ ಬೆಣ್ಣೆ ನಿಷಿದ್ಧವಾಗಿತ್ತಾದ್ದರಿಂದ ಬಹುಕಾಲ ಅದನ್ನು ಎಣ್ಣೆಯಲ್ಲೇ ಮಾಡುತ್ತಿದ್ದರು. ಬಾಯಿಗಿಡಲಾಗದು ಎಂದು ಅಲ್ಲಿನ ರಾಜರು ರೋಮಿಗೆ ಬರೆದು ಬೇಡಿಕೊಂಡ ಮೇಲೆ 1491ರಲ್ಲಿ ಪೋಪರಿಂದ ಬೆಣ್ಣೆಗೆ ಅಪ್ಪಣೆ ಬಂತು. ಚರಿತ್ರೆಯಲ್ಲಿ ಯುದ್ಧದ ಓಲೆಗಳೇ ಇರುತ್ತವೆಂದುಕೊಂಡಿದ್ದ ನನಗೆ ಈ ಬೆಣ್ಣೆಯ ಓಲೆ ಬಹಳ ಇಷ್ಟವಾಯಿತು. ಒಣದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಸುತ್ತಾರೆಂದು ತಿಳಿದದ್ದು ಎರಡನೆಯ ಹೋಳು ತಿಂದು ಮುಗಿಸಿದ ಮೇಲೆ. ಅದನ್ನು ಊರಿನಲ್ಲಿ ನಾನು ಯಾರಿಗೂ ಹೇಳಿಲ್ಲ.

ನಾನು ಮೂವತ್ತೊಂದು ವರ್ಷ ನಮ್ಮ ಸೀಮೆಯ ಶಾಲೆಯಲ್ಲಿ ಇತಿಹಾಸ ಹೇಳಿದವಳು. ಹಾಗಾಗಿ ಕಟ್ಟಡ ಕಂಡರೆ ಇಸವಿ ಹುಡುಕುವ ಚಾಳಿ. ತ್ಸ್ವಿಂಗರ್ ಎಂಬ ಅರಮನೆ 1710ರಿಂದ 1728ರ ನಡುವೆ ಕಟ್ಟಿದ್ದು, ದೊರೆ ಬಲಶಾಲಿ ಆಗಸ್ಟಸ್. ಕಿತ್ತಳೆ ಗಿಡಗಳನ್ನು ಚಳಿಯಿಂದ ಕಾಪಾಡುವ ಮನೆಯಾಗಿ ಅದು ಶುರುವಾಯಿತು, ಬೆಳೆಯುತ್ತ ಬೆಳೆಯುತ್ತ ಅರಮನೆಯಾಯಿತು. ಅದರ ಆಚೆ ಫ್ರಾವನ್‌ಕಿರ್ಖೆ, ಅಂದರೆ ಮೇರಿಯಮ್ಮನ ಇಗರ್ಜಿ. ಅದರ ಗೋಡೆಯ ಕಲ್ಲುಗಳು ಒಂದೇ ಬಣ್ಣದವಲ್ಲ. ಹೊಸ ಕಲ್ಲು ಬೆಣ್ಣೆಯ ಬಣ್ಣ, ನಡುನಡುವೆ ಇದ್ದಿಲಿನಂಥ ಕಪ್ಪು ಕಲ್ಲು. 1945ರ ಫೆಬ್ರವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳು, ಮರುದಿನ ಹಗಲು ಅಮೆರಿಕದ ವಿಮಾನಗಳು ಹಾಕಿದ ಬಾಂಬಿಗೆ ಊರು ಉರಿದು, ಇಗರ್ಜಿ ಕುಸಿದು ಬಿತ್ತು. ಸತ್ತವರು ಇಪ್ಪತ್ತೈದು ಸಾವಿರದವರೆಗೆ ಎಂದು ಇತಿಹಾಸಕಾರರ ಸಮಿತಿ 2010ರಲ್ಲಿ ವರದಿ ಕೊಟ್ಟಿತು. ಕಲ್ಲಿನ ರಾಶಿ ಹತ್ತಿರ ಹತ್ತಿರ ಅರ್ಧ ಶತಮಾನ ಹಾಗೆಯೇ ಬಿದ್ದಿತ್ತು. ಆಮೇಲೆ ಸಿಕ್ಕ ಹಳೆಯ ಕಲ್ಲುಗಳನ್ನು ಗುರುತು ಹಾಕಿ, ಅವು ಮೊದಲಿದ್ದ ಜಾಗ ಹುಡುಕಿ ಕೂರಿಸಿ, 2005ರ ಅಕ್ಟೋಬರಿನಲ್ಲಿ ಮತ್ತೆ ತೆರೆದರು. ಗೋಪುರದ ಶಿಲುಬೆಯನ್ನು ಮಾಡಿದವನು ಲಂಡನ್ನಿನ ಅಕ್ಕಸಾಲಿಗ. ಅವನ ತಂದೆ ಆ ರಾತ್ರಿ ಬಾಂಬು ಹಾಕಲು ಬಂದ ವಿಮಾನಗಳ ಚಾಲಕರಲ್ಲಿ ಒಬ್ಬ.

ನಾನಿದ್ದಾಗಲೇ ಫೆಬ್ರವರಿ 13 ಬಂತು. ಸಂಜೆ ಜನ ಕೈಕೈ ಹಿಡಿದು ಹಳೆಯ ಪೇಟೆಯ ಸುತ್ತ ನಿಲ್ಲುತ್ತಾರೆ. ರಾತ್ರಿ ಎಲ್ಲ ಇಗರ್ಜಿಗಳ ಗಂಟೆ ಬಾರಿಸುತ್ತವೆ. ಕೆಳಗಿನ ಮನೆಯ ಮುದುಕಿ ಕಿಟಕಿಯಲ್ಲೊಂದು ದೀಪವಿಟ್ಟು ಕೂತಿದ್ದಳು. ಆ ವರ್ಷ ಅವಳಿಗೆ ನಾಲ್ಕು ವರ್ಷವಂತೆ. ನಾನು ಕೂಸಿಗೆಂದು ಮಾಡಿದ್ದ ರಾಗಿ ಸರಿಯ ಹಿಟ್ಟನ್ನು ತೋರಿಸಿದರೆ ದಿನಾ ಮೂಸಿ ನೋಡಿ ಕಣ್ಣರಳಿಸುತ್ತಿದ್ದವಳು ಅಂದು ಮಾತಾಡಲಿಲ್ಲ. ಗಂಟೆ ನಿಂತ ಮೇಲೆ ದೀಪ ಆರಿಸಿ ಒಳಗೆ ಹೋದಳು.

ಅದಾದ ವಾರಕ್ಕೆ ನಾನು ಊರಿಗೆ ಹೊರಡುವ ಮೊದಲು ಪಿಲ್ನಿಟ್ಜಿಗೆ ಹೋದೆವು. ಎಲ್ಬೆ ನದಿಯ ದಡದಲ್ಲಿ ಅರಮನೆ, ಅದಕ್ಕೊಂದು ತೋಟ. ಎಲ್ಲ ಗಿಡಗಳೂ ಬೋಳು. ಆದರೆ ಒಂದು ದೊಡ್ಡ ಗಾಜಿನ ಮನೆಯೊಳಗೆ ಒಂದೇ ಒಂದು ಮರ, ಒಂಬತ್ತು ಮೀಟರಿನಷ್ಟು ಎತ್ತರ, ಮೈತುಂಬ ಕೆಂಪು ಹೂವು ಬಿಡಲು ಶುರುಮಾಡಿತ್ತು. ಜಪಾನಿನಿಂದ ಬಂದ ಕಮೀಲಿಯಾ. 1801ರಲ್ಲಿ ಇಲ್ಲಿ ನೆಟ್ಟದ್ದು. ಮರದ ಚಳಿಗಾಲಕ್ಕೆಂದೇ ಈ ಗಾಜಿನ ಮನೆ, ಐವತ್ತನಾಲ್ಕು ಟನ್ ತೂಕ. ಬೇಸಿಗೆ ಬಂದರೆ ಹಳಿಯ ಮೇಲೆ ಪಕ್ಕಕ್ಕೆ ಉರುಳಿಸಿಬಿಡುತ್ತಾರೆ, ಮರ ಬಯಲಿನಲ್ಲಿ ನಿಲ್ಲುತ್ತದೆ. 1905ರ ಜನವರಿಯಲ್ಲಿ ಆಗಿದ್ದ ಮರದ ಹಲಗೆಯ ಮನೆಗೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಹೊಯ್ದ ನೀರು ಆ ಚಳಿಗೆ ಮರದ ಮೇಲೆಯೇ ಹೆಪ್ಪುಗಟ್ಟಿತು. ಆ ಮಂಜುಗಡ್ಡೆಯ ಹೊದಿಕೆಯೇ ಅದನ್ನು ಉಳಿಸಿತು, ಮತ್ತೆ ಚಿಗುರಿತು.

ಮಗಳು ಮೊಬೈಲಿನಲ್ಲಿ ಏನನ್ನೋ ಓದುತ್ತಿದ್ದವಳು, "ಅಮ್ಮಾ, ನಮ್ಮ ಲಾಲ್‌ಬಾಗಿನ ಕ್ರುಂಬಿಗಲ್ ತೋಟದ ಕೆಲಸ ಕಲಿತದ್ದು ಇಲ್ಲೇ ಅಂತೆ" ಎಂದಳು. ನಾನು ಹೊರಡುವ ಹೊತ್ತಿಗೆ ಲಾಲ್‌ಬಾಗಿನ ಹಳೆಯ ಕ್ರುಂಬಿಗಲ್ ಹಾಲ್ ಮಳೆಗೆ ನೆನೆದು ಕುಸಿದುಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಆಗ ಅಷ್ಟಾಗಿ ಗಮನಿಸಿರಲಿಲ್ಲ. ಗುಸ್ಟಾವ್ ಹರ್ಮನ್ ಕ್ರುಂಬಿಗಲ್ 1865ರಲ್ಲಿ ಡ್ರೆಸ್ಡನ್ ಹತ್ತಿರದ ಲೋಮೆನ್ ಎಂಬ ಊರಿನಲ್ಲಿ ಹುಟ್ಟಿದವರು. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾ ಮಹಾರಾಜರ ತೋಟಗಳಿಗೆ ಬಂದು, 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಂಗಳೂರಿಗೆ ಬಂದರು. 1932ರವರೆಗೆ ಕೆಲಸ ಮಾಡಿದರು. ಒಂದು ಜಾತಿಯ ಮರ ಹೂಬಿಟ್ಟು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದವರು ಅವರೇ. 1956ರಲ್ಲಿ ತೀರಿಕೊಂಡಾಗ ಮಣ್ಣಾದದ್ದೂ ಬೆಂಗಳೂರಿನಲ್ಲಿ. ನಾವು ಸ್ವಾತಂತ್ರ್ಯ ದಿನಕ್ಕೂ ಗಣರಾಜ್ಯೋತ್ಸವಕ್ಕೂ ಬಸ್ಸು ಹತ್ತಿ ಫಲಪುಷ್ಪ ಪ್ರದರ್ಶನ ನೋಡಲು ಹೋಗುತ್ತೇವಲ್ಲ, ಆ ತೋಟವನ್ನು ಒಂದು ಕಾಲು ಶತಮಾನ ನೋಡಿಕೊಂಡವನು ಈ ಮರದ ಹತ್ತಿರ ಓಡಾಡಿದ ಹುಡುಗ.

ನನಗೆ ಹೆಮ್ಮೆಯೆನಿಸಿತು. ಮೊಮ್ಮಗಳನ್ನು ಕರೆದು ಹೇಳತೊಡಗಿದೆ. ಅವಳು ಕೇಳಿದ ಪ್ರಶ್ನೆಯೇ ಬೇರೆ.

"ಅಜ್ಜೀ, ನಿಮ್ಮೂರಲ್ಲಿ ನೋಡೋದಕ್ಕೆ ಏನಿದೆ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ನಕ್ಕು, "ಅಲ್ಲೇನಿದೆ, ಬಂಡೆ, ಬಿಸಿಲು, ಹುಣಸೆ ಮರ" ಎಂದಳು.

ಅವಳ ಮೇಲೆ ಕೋಪ ಮಾಡಿಕೊಳ್ಳುವಂತಿರಲಿಲ್ಲ. ಎಂಟನೆಯ ತರಗತಿಯಲ್ಲಿ ಅವಳು ನನ್ನದೇ ವಿದ್ಯಾರ್ಥಿನಿ. ನಾನು ಹೇಳಿಕೊಟ್ಟದ್ದೇ ಅಷ್ಟು.

ವಿಮಾನದಲ್ಲಿ ಬರುವಾಗ ಇದೇ ಕೊರೆಯುತ್ತಿತ್ತು. ಲಾಲ್‌ಬಾಗ್ ಕಟ್ಟಿಸಿದವನು ಹೈದರಾಲಿ, 1760. ಇದನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ. ಆದರೆ ಅದಕ್ಕೆ ಮಾದರಿಯಾದದ್ದು ನಮ್ಮ ಜಿಲ್ಲೆಯದೇ ಶಿರಾದ ಖಾನ್ ಬಾಗ್ ಎಂಬ ಮಾತು ಲೂಯಿಸ್ ರೈಸ್ ಅವರ ಗ್ಯಾಸೆಟಿಯರಿನಲ್ಲಿದೆ. ನಾನದನ್ನು ಓದಿದ್ದೆ ಕೂಡ. ಪಠ್ಯದಲ್ಲಿಲ್ಲ, ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟಿದ್ದೆ.

ಊರಿಗೆ ಬಂದು ಹಳೆಯ ಟಿಪ್ಪಣಿಗಳನ್ನು ತೆಗೆದೆ. ಶಿರಾ ಎಂದರೆ ಈಗ ನಮಗೆ ಹೆದ್ದಾರಿಯಲ್ಲಿ ಬಸ್ಸು ಕಾಫಿಗೆ ನಿಲ್ಲಿಸುವ ಊರು. ರತ್ನಗಿರಿಯ ನಾಯಕ ರಂಗಪ್ಪ ಅದನ್ನು ಕಟ್ಟಲು ತೊಡಗಿದ. ಕೋಟೆ ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ದಳಪತಿ ರಣದುಲ್ಲಾ ಖಾನ ಗೆದ್ದುಕೊಂಡ. ಬಿಜಾಪುರದ ಅಧಿಕಾರಿಗಳು ಕೋಟೆ ಮುಗಿಸಿದರು. ಅವರಲ್ಲೊಬ್ಬ ಮಲಿಕ್ ರಿಹಾನ್, 1651ರಲ್ಲಿ ತೀರಿಕೊಂಡ. ಅವನ ಗೋರಿ ಈಗಲೂ ಇದೆ. 1687ರಲ್ಲಿ ಔರಂಗಜೇಬನ ಸೈನ್ಯ ಬಂತು. ದಕ್ಷಿಣದಲ್ಲಿ ಮೊಗಲರು ಗೆದ್ದ ಈ ಸೀಮೆಗೆಲ್ಲ ಶಿರಾ ರಾಜಧಾನಿಯಾಯಿತು. ಪೆನುಕೊಂಡ, ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಬಸವಾಪಟ್ಟಣ, ಬೂದಿಹಾಳು ಇವೆಲ್ಲ ಶಿರಾದ ಕೆಳಗಿನ ಪರಗಣೆಗಳು. ಇಲ್ಲಿನ ಮೊದಲ ಸುಬೇದಾರ ಖಾಸಿಂ ಖಾನ. ಬೆಂಗಳೂರನ್ನು ಹಿಡಿದು, ಮೂರು ಲಕ್ಷಕ್ಕೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರಿದವನು ಇವನೇ. ಬೆಂಗಳೂರನ್ನು ಮಾರಿದವನು ಶಿರಾದಲ್ಲಿ ಕೂತು ಆಳಿದ ಎಂದರೆ ಇಂದು ಸೈಟು ಕೊಳ್ಳಲು ಬೆಂಗಳೂರಿಗೆ ಅಲೆಯುವ ನಮ್ಮವರು ನಂಬುತ್ತಾರೆಯೇ?

ಹದಿನೆಂಟನೆಯ ಶತಮಾನದ ನಡುವಿನಲ್ಲಿ, ದಿಲಾವರ್ ಖಾನನ ಕಾಲಕ್ಕೆ, ಶಿರಾ ತನ್ನ ಉಚ್ಛ್ರಾಯದಲ್ಲಿತ್ತು. ಐವತ್ತು ಸಾವಿರ ಮನೆಗಳಿದ್ದವು ಎಂಬ ಪ್ರತೀತಿ. ಅವನು ಕಟ್ಟಿಸಿದ ಅರಮನೆ ಎಷ್ಟು ಚೆಂದವಿತ್ತೆಂದರೆ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿಯಾಯಿತು. ಡ್ರೆಸ್ಡನ್ನಿನ ಆಗಸ್ಟಸ್ ಕಿತ್ತಳೆಗೆ ಅರಮನೆ ಕಟ್ಟಿಸಿ ಮುಗಿಸಿದ ಮುಂದಿನ ತಲೆಮಾರಿಗೆ ನಮ್ಮ ಬಯಲುಸೀಮೆಯ ಈ ಊರಿನಲ್ಲೂ ಹೆಸರಾದ ತೋಟ, ಅರಮನೆ ಎರಡೂ ಇದ್ದವು. ಆಮೇಲೆ ಕೈಯಿಂದ ಕೈಗೆ. 1757ರಲ್ಲಿ ಮರಾಠರು ಹಿಡಿದರು, ಎರಡು ವರ್ಷಕ್ಕೆ ಬಿಟ್ಟರು. 1761ರಲ್ಲಿ ಹೈದರಾಲಿ ಬಸಾಲತ್ ಜಂಗನ ಜೊತೆಗೂಡಿ ಗೆದ್ದು 'ಶಿರಾದ ನವಾಬ' ಎಂಬ ಬಿರುದು ಪಡೆದ. 1766ರಲ್ಲಿ ಮತ್ತೆ ಮರಾಠರು. 1774ರಲ್ಲಿ ಟಿಪ್ಪು ಮರಳಿ ಗೆದ್ದ.

ಊರು ಬಡವಾಗಲು ಯುದ್ಧವೊಂದೇ ಕಾರಣವಲ್ಲ. ಟಿಪ್ಪು ಶ್ರೀರಂಗಪಟ್ಟಣದ ದ್ವೀಪದಲ್ಲಿ ಗಂಜಾಂ ಎಂಬ ಹೊಸ ಪೇಟೆ ಕಟ್ಟಿಸುವಾಗ ಅದನ್ನು ತುಂಬಲು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತದಿಂದ ಎತ್ತಿಕೊಂಡು ಹೋದ. ಒಂದು ಸಾಲು. ಆ ಸಾಲನ್ನು ನಾನು ಹಿಂದೆ ಓದಿ ದಾಟಿದ್ದೆ. ಈ ಸಲ ದಾಟಲಾಗಲಿಲ್ಲ. ಹನ್ನೆರಡು ಸಾವಿರ ಒಲೆಗಳು. ಅವುಗಳಲ್ಲಿ ಎಷ್ಟು ಮನೆಗಳಲ್ಲಿ ಹಸಿ ಬಾಣಂತಿಯರಿದ್ದರೋ. ಪಾತ್ರೆ ಪಡಗ ಗಂಟು ಕಟ್ಟಬಹುದು, ಕೂಸನ್ನು ಮಡಿಲಲ್ಲಿ ಹಾಕಿಕೊಳ್ಳಬಹುದು, ಒರಳುಕಲ್ಲನ್ನು ಹೊತ್ತುಕೊಂಡು ಹೋಗಲಾದೀತೆ? ನಾನು ಮೂರು ತಿಂಗಳಿಗೆ ಪರಊರಿಗೆ ಹೋಗುವಾಗಲೇ ಮಿಕ್ಸಿ ತೂಕವಾಗುತ್ತದೆಂದು ಕಣ್ಣೀರು ತಂದುಕೊಂಡವಳು.

ಇನ್ನೊಂದು ನೆನಪು ಇದಕ್ಕಿಂತ ಕೆಟ್ಟದ್ದು. ಶಾಲೆಯ ಪ್ರವಾಸವೆಂದರೆ ನಮ್ಮಲ್ಲಿ ಮೈಸೂರು, ಶ್ರೀರಂಗಪಟ್ಟಣ. ದರಿಯಾ ದೌಲತ್ ತೋರಿಸಿ, ಗುಂಬಜ್ ತೋರಿಸಿ, ಗಂಜಾಮಿನ ನಿಮಿಷಾಂಬ ದೇವಸ್ಥಾನದ ಸೋಪಾನದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಚಿತ್ರಾನ್ನದ ಪೊಟ್ಟಣ ಬಿಚ್ಚಿಸುತ್ತಿದ್ದೆ. ಒಂದಲ್ಲ, ಎಂಟೋ ಹತ್ತೋ ಸಲ. ಈ ಪೇಟೆಗೆ ಜನ ಬಂದದ್ದು ನಮ್ಮ ಪಕ್ಕದ ತಾಲ್ಲೂಕಿನಿಂದ, ತಾವಾಗಿ ಬಂದದ್ದಲ್ಲ ಎಂದು ಒಂದು ಮಗುವಿಗೂ ಹೇಳಲಿಲ್ಲ. ಟಿಪ್ಪುವನ್ನು ಹೊಗಳಬೇಕೋ ತೆಗಳಬೇಕೋ ಎಂಬ ಜಗಳ ಈಗ ಬೀದಿಗೆ ಬಂದಿದೆ, ನನಗದು ಬೇಡ. ಹೈದರನ ಕಾಲದ ತೋಟವನ್ನು ನೋಡಿ ಕಣ್ಣು ತಣಿಸಿಕೊಂಡಿದ್ದೇನೆ. ಆದರೆ ಮಕ್ಕಳಿಗೆ ಹೇಳದೆ ಉಳಿಸಿಕೊಂಡದ್ದು ನನ್ನ ಲೆಕ್ಕಕ್ಕೆ ಸೇರಿದ್ದು.

2019ರ ಏಪ್ರಿಲಿನಲ್ಲಿ ಈಸ್ಟರ್ ರಜೆಗೆ ಮಗಳು ಮಕ್ಕಳೊಂದಿಗೆ ಬಂದಳು. ಬಂದ ಮೂರನೆಯ ದಿನ, "ನಡೀರಿ, ಊರು ತೋರಿಸ್ತೀನಿ" ಎಂದು ಬೆಳಗಿನ ಜಾವಕ್ಕೇ ಬಾಡಿಗೆ ಕಾರು ಹತ್ತಿಸಿದೆ. "ಈ ಬಿಸಿಲಲ್ಲಾ?" ಎಂದಳು ಮಗಳು. ಅಲ್ಲಿನ ಚಳಿಯಲ್ಲಿ ನನ್ನನ್ನು ಓಡಾಡಿಸಿದ್ದನ್ನು ನೆನಪಿಸಿದೆ.

ಕೊರಟಗೆರೆ ದಾಟಿ ಮಧುಗಿರಿಯ ಬಂಡೆ ಕಾಣಿಸಿದಾಗ ಕಾರು ನಿಲ್ಲಿಸಿದೆ. ಒಂದೇ ಕಲ್ಲಿನ ಬೆಟ್ಟ, ಮೈಮೇಲೆ ಕೋಟೆ. ಹತ್ತುವ ಕಾಲು ನನಗಿನ್ನಿಲ್ಲ. ಕೆಳಗೇ ನಿಂತು ವೀರಮ್ಮಾಜಿಯ ಕಥೆ ಹೇಳಿದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಕೆಳದಿಯ ಈ ರಾಣಿಯನ್ನೂ ಅವಳ ದತ್ತುಮಗನನ್ನೂ ತಂದು ಸೆರೆಯಿಟ್ಟದ್ದು ಈ ಕೋಟೆಯಲ್ಲಿ. ಮಲೆನಾಡಿನ ಮಳೆಯಲ್ಲಿ ಬೆಳೆದ ಹೆಣ್ಣು ನಾಲ್ಕು ಬೇಸಿಗೆ ಈ ಕಾದ ಬಂಡೆಯ ಮೇಲೆ ಕಳೆದಳು. 1767ರಲ್ಲಿ ಮರಾಠರು ಬಿಡಿಸಿದರು. ಪುಣೆಯ ದಾರಿಯಲ್ಲೇ ತೀರಿಕೊಂಡಳು. ಮೊಮ್ಮಗಳು ತಲೆಯೆತ್ತಿ ಬಂಡೆಯನ್ನು ಬಹಳ ಹೊತ್ತು ನೋಡಿದಳು. ಮಗಳು, "ಅಮ್ಮ, ಇದನ್ನ ನಮಗೆ ಯಾವತ್ತೂ ಹೇಳಲೇ ಇಲ್ವಲ್ಲ" ಎಂದಳು.

ಶಿರಾದಲ್ಲಿ ಕೋಟೆಯ ಗೋಡೆ ನೋಡಿದೆವು, ಕಂದಕ ನೋಡಿದೆವು. 1696ರಲ್ಲಿ ಕಟ್ಟಿದ ಕಲ್ಲಿನ ಜುಮ್ಮಾ ಮಸೀದಿಯನ್ನು ಹೊರಗಿನಿಂದ ನೋಡಿದೆವು. ಮಲಿಕ್ ರಿಹಾನನ ದರ್ಗಾದಲ್ಲಿ ನೆರಳಿತ್ತು, ಅಲ್ಲಿ ಕೂತು ಮಕ್ಕಳಿಗೆ ಮೊಸರನ್ನ ಕೊಟ್ಟೆ. ದಿಲಾವರ್ ಖಾನನ ಅರಮನೆ ಇಲ್ಲ. 1800ರಲ್ಲೂ ಚೆನ್ನಾಗಿದ್ದ ಖಾನ್ ಬಾಗ್ ಆಮೇಲೆ ಹಾಳಾಗಿಹೋಯಿತು. ಟೀ ಅಂಗಡಿಯವನನ್ನು ಕೇಳಿದರೆ, "ಯಾವ ಖಾನ್? ಮಟನ್ ಅಂಗ್ಡಿ ಖಾನ್ ಸಾಹೇಬ್ರಾ?" ಎಂದ. ಮಗಳು ನಕ್ಕಳು, ನಾನೂ ನಕ್ಕೆ. ಅಲ್ಲಿ ಕರಿ ಕಲ್ಲುಗಳನ್ನು ಹುಡುಕಿ ಗುರುತು ಹಾಕುತ್ತಾರೆ. ಇಲ್ಲಿ ಅಂಥ ಕಲ್ಲುಗಳನ್ನು ದನದ ಕೊಟ್ಟಿಗೆಗೆ, ಬಚ್ಚಲ ಮೆಟ್ಟಿಲಿಗೆ ಹಾಕಿಕೊಳ್ಳುತ್ತೇವೆ ಎಂದು ನಮ್ಮೆಜಮಾನರು ಹೇಳುವುದುಂಟು. ಅದೂ ಒಂದು ಬಗೆಯ ಉಳಿಸುವುದೇ ಎಂದು ಅವರ ವಾದ. ನಾನು ಒಪ್ಪಿಲ್ಲ.

"ತೋಟ ಎಲ್ಲಿ ಅಜ್ಜಿ?" ಎಂದಳು ಮೊಮ್ಮಗಳು.

"ವಾಪಸು ಹೋಗೋವಾಗ ಬೆಂಗಳೂರಲ್ಲಿ ತೋರಿಸ್ತೀನಿ" ಎಂದೆ.

ಬರಿಗೈಯಲ್ಲಿ ಕಳಿಸಬಾರದೆಂದು ಅಲ್ಲಿಂದ ಕಗ್ಗಲಡುವಿಗೆ ಕಾರು ತಿರುಗಿಸಿದೆ. ಅದು ಶಿರಾ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಜನವರಿಯ ಹೊತ್ತಿಗೆ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡಿ, ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಆಗಸ್ಟಿನ ಸುಮಾರಿಗೆ ಹೊರಟುಹೋಗುತ್ತವೆ. 1999ರಲ್ಲಿ ತುಮಕೂರಿನ ಪಕ್ಷಿಪ್ರಿಯರು ಕಂಡು ಹೇಳಿದ ಮೇಲೆ ಹೊರಗಿನವರಿಗೆ ತಿಳಿಯಿತು. ಊರಿನವರು ಅವಕ್ಕೆ ಕಲ್ಲು ಹೊಡೆಯುವುದಿಲ್ಲ, ಹೊಡೆಯಲು ಬಿಡುವುದೂ ಇಲ್ಲ.

ಮರದ ತುಂಬ ಹಕ್ಕಿಗಳು. ಹಳದಿ ಕೊಕ್ಕು, ಬಾಲದ ಹತ್ತಿರ ಕುಂಕುಮ ಚೆಲ್ಲಿದಂಥ ನಸುಗೆಂಪು. ಕೆಳಗೆ ನಿಂತರೆ ಸೀರೆ ಹಾಳು, ವಾಸನೆ ಬೇರೆ. ಮೊಮ್ಮಗಳು ತಮ್ಮನನ್ನು ಎತ್ತಿ ಹಿಡಿದು, "ನೋಡು, ನಿನ್ನ ತಂದಿದ್ದು ಇವೇ" ಎಂದಳು. ಜಗಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದ ಹೆಂಗಸು ಕೇಳಿಸಿಕೊಂಡು ನಕ್ಕಳು.

"ಇವು ಯಾರನ್ನೂ ತರಾಕಿಲ್ಲ ಕಣವ್ವ. ಇವೇ ಹೆರಾಕ್ ಬತ್ತವೆ."

ಆ ಮರ ಅವಳದೇ. ಕೊಕ್ಕರೆ ಇರುವಾಗ ಅದರ ಹುಣಸೆಹಣ್ಣು ಬಡಿಯುವುದಿಲ್ಲವಂತೆ. ಉದುರಿದ್ದು ಎಷ್ಟೋ ಅಷ್ಟು. ಈಗಿನ ಹುಣಸೆಹಣ್ಣಿನ ಬೆಲೆ ನೆನೆದು ನನಗೆ ಅಯ್ಯೋ ಎನಿಸಿತು. "ನಷ್ಟ ಅಲ್ವೇನಮ್ಮ?" ಎಂದೆ. "ಬಸುರಿ ಹೆಂಗಸು ಮನೇಗ್ ಬಂದ್ರೆ ಲೆಕ್ಕ ಇಕ್ತೀವಾ?" ಎಂದಳು. ಒಳಗೆ ಹೋಗಿ ಮಡಕೆಯ ನೀರು ತಂದುಕೊಟ್ಟಳು. ಯಾವೂರು ಎಂದು ಕೇಳಿದಳು.

"ಕೊಳಾಲ" ಎಂದೆ.

"ಇಲ್ಲೇ ಹತ್ತಿರದೋರು. ಇಷ್ಟು ದಿನ ಬಂದೇ ಇರ್ಲಿಲ್ವಾ?"

ಇಲ್ಲ ಎಂದೆ. ಅವಳು ಮತ್ತೆ ಮೊರ ಎತ್ತಿಕೊಂಡಳು.